ಹಿಡಿಕೆಯಿಲ್ಲದ ಭಟ್ಟಿ

ದಾಂಡೇಲಿ

ಪರದೇಶಕ್ಕೆ ಹೋಗಿ ಬಂದವರು ಹಿಮ ಕಂಡೆ, ಅರಮನೆ ಕಂಡೆ ಎಂದು ಬರೆಯುತ್ತಾರೆ. ನಾನು ಎರಡು ವಾರ ಆಸ್ಟ್ರಿಯಾ ದೇಶದಲ್ಲಿದ್ದು ಕಂಡದ್ದು ಒಬ್ಬ ಮುದುಕನ ಮನೆಯ ನೀರೊಲೆಯನ್ನು. ಕಂಡು ಹೊಟ್ಟೆ ಉರಿದುಕೊಂಡೆ. ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ನಮ್ಮ ಮಸೀದಿಯ ಮೌಲಾನಾ ಸಾಹೇಬರು ಆಗಾಗ ಹೇಳುತ್ತಾರೆ, ನಾನೂ ತಲೆಯಾಡಿಸುತ್ತೇನೆ. ಆದರೆ ಆ ಒಲೆಯನ್ನು ನೋಡಿದ್ದರೆ ಅವರೂ ಸ್ವಲ್ಪ ಉರಿದುಕೊಳ್ಳುತ್ತಿದ್ದರು ಎಂದೇ ನನ್ನ ನಂಬಿಕೆ.

ನನ್ನ ಹೆಸರು ದಸ್ತಗೀರ. ದಾಂಡೇಲಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಗೇಟು, ಕಿಟಕಿ ಗ್ರಿಲ್ಲು, ಮದುವೆ ಅಡುಗೆಯ ದೊಡ್ಡ ಒಲೆ, ಇವೆಲ್ಲ ಹೊಟ್ಟೆಪಾಡಿಗೆ. ಮನಸ್ಸಿಗೆ ಹಿಡಿದ ಕೆಲಸ ಒಂದೇ, ನೀರು ಕಾಯಿಸುವುದು. ಅಪ್ಪ ಕಾಗದದ ಮಿಲ್ಲಿನಲ್ಲಿ ಬಾಯ್ಲರ್ ಮುಂದೆ ನಿಂತು ಜೀವ ಸವೆಸಿದವರು. ಅವರ ಅಂಗಿಯ ವಾಸನೆಯಿಂದಲೇ ನನಗೆ ಈ ಹುಚ್ಚು ಹತ್ತಿರಬೇಕು.

ನಮ್ಮ ಕಡೆ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದವರಿಗೆ ಬೇಸಿಗೆಯಲ್ಲಿ, ಬಿಸಿನೀರು ಯಾರಿಗೂ ಬೇಡವಾದಾಗ, ನಲ್ಲಿಯಲ್ಲಿ ಕುದಿನೀರು ಬರುತ್ತದೆ. ಮಳೆ ಹಿಡಿದರೆ ಸೂರ್ಯ ನಾಲ್ಕು ತಿಂಗಳು ರಜೆ ಹಾಕುತ್ತಾನೆ. ಚಳಿಗಾಲದಲ್ಲಿ ಕಾಳಿ ನದಿಯ ಮಂಜು ಹೊತ್ತೇರಿದರೂ ಕದಲುವುದಿಲ್ಲ. ಆಗ ಎಲ್ಲರೂ ಮತ್ತೆ ಹಿತ್ತಲಿನ ಒಲೆಗೆ ಕಟ್ಟಿಗೆ ಒಟ್ಟುತ್ತಾರೆ. ಬಿಸಿಲು, ಬೆಂಕಿ ಎರಡನ್ನೂ ಒಂದೇ ಟಾಕಿಗೆ ಕೂಡಿಸಿದರೆ ಹೇಗೆ ಎಂದು ನನಗೆ ಹೊಳೆಯಿತು. ಬಿಸಿಲಿದ್ದ ದಿನ ಸೋಲಾರ್, ಇಲ್ಲದ ದಿನ ಮನೆಯ ಹೊರಗೆ ಇಟ್ಟ ಕಟ್ಟಿಗೆ ಭಟ್ಟಿ. ಮೀಯುವವನಿಗೆ ನೀರು ಯಾವುದರಿಂದ ಕಾಯಿತು ಎಂಬುದು ಗೊತ್ತಾಗಬಾರದು.

ಈ ಕೆಲಸಕ್ಕೆ ಜೊತೆಯಾದವನು ಪರಶುರಾಮ. ಅವನ ಅಪ್ಪ ಧಾರವಾಡ ಕಡೆಯಿಂದ ಮಿಲ್ಲಿಗೆ ಬಂದವರು, ನಮ್ಮ ಅಪ್ಪನ ಜೊತೆ ಒಂದೇ ಪಾಳಿ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಟ್ಟಿಗೇ ನಪಾಸಾದವರು. ಟಾಕಿ, ಭಟ್ಟಿ ನನ್ನದು. ಪೈಪು, ಜಾಯಿಂಟು, ಸೋಲಾರ್ ಹಲಗೆ ಅವನದು. ಮೊದಲ ಕೆಲಸವನ್ನು ಕೋಗಿಲಬನದಲ್ಲಿ ಸುನಂದಾಬಾಯಿ ನಡೆಸುವ ಹೋಮ್‌ಸ್ಟೇಯಲ್ಲಿ ಮಾಡಿದೆವು. ಮೂರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಡಿಸೆಂಬರಿನಲ್ಲಿ, ನಾವಿಬ್ಬರೂ ಕೆಲಸ ನೋಡಿಹೋಗಲು ಬಂದಿದ್ದ ಒಂದು ಬೆಳಿಗ್ಗೆ, ಟಾಕಿಯ ನೀರು ಕುದಿದು, ಜಾಯಿಂಟು ಸಿಡಿದು, ಬಚ್ಚಲುಮನೆಯ ಹಂಚಿನ ಮೇಲೆಲ್ಲ ಬಿಸಿನೀರು ಸುರಿಯಿತು. ದೇವರ ದಯೆ, ಒಳಗಿದ್ದ ಅತಿಥಿ ಆಗಷ್ಟೇ ಟವೆಲ್ ಸುತ್ತಿಕೊಂಡು ಹೊರಗೆ ಬಂದಿದ್ದರು.

ಆ ಅತಿಥಿಯೇ ಯೋಹಾನ್. ಮಂಗಟ್ಟೆ ಹಕ್ಕಿ ನೋಡಲು ಆಸ್ಟ್ರಿಯಾದಿಂದ ಬಂದಿದ್ದ, ಎಪ್ಪತ್ತು ದಾಟಿದ ಮನುಷ್ಯ. ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದರು. ಇವರು ಟವೆಲಿನಲ್ಲೇ ನಿಂತು, ಹಂಚಿನ ಕಡೆ ಕತ್ತೆತ್ತಿ, ಇಂಗ್ಲಿಷಿನಲ್ಲಿ ನಿಧಾನಕ್ಕೆ, "ಬೆಂಕಿ ಹೆಚ್ಚಾಯಿತು" ಎಂದರು.

ನನ್ನ ಕಿವಿಗೆ ಅದು ಬಿದ್ದರೂ ತಲೆಗೆ ಹೋಗಲಿಲ್ಲ. ಸುನಂದಾಬಾಯಿ, ಅಡುಗೆಯವರು, ಜೀಪಿನ ಡ್ರೈವರುಗಳು, ಎಲ್ಲರೂ ಸೇರಿದ್ದರು. ಅವರೆಲ್ಲರ ಮುಂದೆ ನಾನು ಪರಶುರಾಮನ ಮೇಲೆ ಹರಿಹಾಯ್ದೆ.

"ನಿನ್ನ ಜಾಯಿಂಟ ಕೈ ಕೊಟ್ಟೈತಿ ನೋಡಲೇ. ನನ್ನ ಟಾಕಿಗೆ ಏನೂ ಆಗಿಲ್ಲ."

"ಜಾಯಿಂಟಿಂದಲ್ಲೋ ತಪ್ಪು, ಬೆಂಕಿ ಜಾಸ್ತಿ ಆಗೇತಿ," ಎಂದ ಅವನು, ಏಣಿಯ ಮೇಲಿಂದಲೇ. "ಭಟ್ಟಿ ಬಾಗಲದ ಹ್ಯಾಂಡಲ್ ಕಿತ್ತು ಬಾಯಾರ ಕೈಯಾಗ ಕೊಡೂಣು ಅಂತ ನಾ ಅವತ್ತ ಹೇಳಿದ್ದೆ. ಕೇಳಿದ್ಯಾ?"

"ಒಲಿಗೆ ಯಾರರ ಕೀಲಿ ಹಾಕ್ತಾರೇನಲೇ? ನಿಮ್ಮವ್ವ ಹಾಕ್ತಾಳೇನು?"

ಡ್ರೈವರುಗಳು ನಕ್ಕರು. ಪರಶುರಾಮ ಕೆಳಗಿಳಿದು, ನಟ್ಟು ಬಿಗಿಯುವ ಪಾನಾಗಳನ್ನು ಚೀಲಕ್ಕೆ ತುಂಬಿ, ಬಸ್ಸಿನ ಕಡೆ ನಡೆದ. ಅವತ್ತಿನಿಂದ ಎರಡು ವರ್ಷ ಮಾತಿಲ್ಲ. ಅವನು ಹಳಿಯಾಳದಲ್ಲಿ ಸ್ವಂತ ಅಂಗಡಿ ತೆಗೆದ. ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ಯಾರಾದರೂ ಹೇಳಿದರೆ ನನಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಮುಂಡಗೋಡದ ಒಂದು ಹುಡುಗಿಯರ ಹಾಸ್ಟೆಲಿನಿಂದ ವಾರ್ಡನ್ ಬಾಯಿಯವರ ಫೋನು ಬಂತು. ಮಳೆಗಾಲದಲ್ಲಿ ಹುಡುಗಿಯರು ತಣ್ಣೀರು ಮಿಂದು ಕೆಮ್ಮುತ್ತಾರೆ, ಬಿಸಿಲು ಕಟ್ಟಿಗೆ ಎರಡರಿಂದಲೂ ನಡೆಯುವುದು ಬೇಕು, ನವೆಂಬರಿನಲ್ಲಿ ಬಂದು ನಕ್ಷೆ ತೋರಿಸಿ ಎಂದರು. ಮಾತಿನ ಕೊನೆಗೆ, "ಹಳಿಯಾಳದ ಪರಶುರಾಮ ಅವರಿಗೂ ಹೇಳೇನ್ರಿ, ಯಾರದು ಚಲೋ ಅನಸ್ತದ ಅವರಿಗೆ ಕೆಲಸ" ಎಂದರು. ಆ ಕೆಲಸ ಅವನ ಪಾಲಾದರೆ ನಾನು ಸುತ್ತ ನಾಲ್ಕು ತಾಲೂಕಿನಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ. ಊರಿಗೆ ಮರಳಿದ ಮೇಲೂ ಯೋಹಾನ್ ಆಗಾಗ ಫೋನಿನಲ್ಲಿ ಫೋಟೊ ಕಳಿಸುತ್ತ, ನಮ್ಮ ಮನೆಯಲ್ಲೂ ಇಂಥದೇ ಇದೆ, ಬಂದು ನೋಡು ಎಂದು ಕರೆಯುತ್ತಲೇ ಇದ್ದರು. ಅಕ್ಟೋಬರಿನಲ್ಲಿ ಹೊರಟೇಬಿಟ್ಟೆ.

ಮೊದಲ ದಿನ

ನನ್ನ ಹೆಂಡತಿ ಶಮೀಮ್ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು. ವಿಮಾನ ಇಳಿದಲ್ಲಿ ಒಬ್ಬ ಅಧಿಕಾರಿ ಡಬ್ಬಿ ತೆರೆದು ಮೂಗು ಹತ್ತಿರ ತಂದ. ಮೂರು ಸಲ ಸೀನಿ, ಮುಚ್ಚಳ ತಾನೇ ಭದ್ರವಾಗಿ ಹಾಕಿ, ಎರಡೂ ಕೈಯಿಂದ ಹಿಂದಿರುಗಿಸಿದ. ಅಷ್ಟು ಮರ್ಯಾದೆ ನನಗೆ ಆ ದೇಶದಲ್ಲಿ ಇನ್ನೆಲ್ಲೂ ಸಿಗಲಿಲ್ಲ.

ಯೋಹಾನರ ಊರು ಗುಡ್ಡದ ಮೇಲೆ, ಇಪ್ಪತ್ತು ಮೂವತ್ತು ಮನೆಗಳದು. ಅವರ ಹೆಂಡತಿ ರೋಜಾ ಬಾಗಿಲಲ್ಲೇ ನನ್ನ ಬೂಟು ಬಿಚ್ಚಿಸಿ ಉಣ್ಣೆಯ ಚಪ್ಪಲಿ ಕೊಟ್ಟರು. ಚಪ್ಪಲಿ ಹೊರಗೆ ಬಿಡುವುದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದ ನನಗೆ ಖುಷಿಯಾಯಿತು. ನಾನು ಏನು ತಿನ್ನುತ್ತೇನೆ, ಏನು ತಿನ್ನುವುದಿಲ್ಲ ಎಂದು ಮೊದಲೇ ಕೇಳಿ ತಿಳಿದುಕೊಂಡಿದ್ದರು. ಆಲೂಗಡ್ಡೆ, ಮೊಟ್ಟೆ, ಕುಂಬಳಕಾಯಿ ಸಾರು. ಸಾರಿನ ಮೇಲೆ ಕುಂಬಳ ಬೀಜದ ಎಣ್ಣೆ ಹನಿಸಿದರು. ನೋಡಲು ಥೇಟ್ ಗಾಡಿಯಿಂದ ಇಳಿಸಿದ ಹಳೆ ಇಂಜಿನ್ ಆಯಿಲ್ಲಿನಂತೆ ಕಪ್ಪು. ಬಾಯಿಗೆ ಇಟ್ಟ ಮೇಲೆ ಎರಡನೇ ಸಲ ಹಾಕಿಸಿಕೊಂಡೆ.

ಊಟ ಗಂಟಲಿಗಿಳಿಯುವ ಮೊದಲೇ, ಒಲೆ ತೋರಿಸಿ ಎಂದೆ. ಯೋಹಾನ್ ಅಂಗಳ ದಾಟಿಸಿ ಒಂದು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಮನೆಯಿಂದ ಇಪ್ಪತ್ತು ಹೆಜ್ಜೆ ದೂರ. ಒಳಗೆ ಒಂದು ಕಬ್ಬಿಣದ ಭಟ್ಟಿ, ಅದರ ಪಕ್ಕ ಸೂರಿನವರೆಗೆ ನಿಂತ ಟಾಕಿ, ಟಾಕಿಗೆ ದಪ್ಪನೆಯ ಕೌದಿಯಂಥ ಹೊದಿಕೆ. ತೆಂಕಣ ಸೂರಿನ ಮೇಲೆ ಸೋಲಾರ್ ಹಲಗೆಗಳು. ಕೊಟ್ಟಿಗೆಯಿಂದ ಮನೆಗೆ ಪೈಪುಗಳು ನೆಲದೊಳಗಿಂದ ಹೋಗಿವೆ. ನೆಲದ ಮೇಲೆ ಒಂದು ಚಿಟಿಕೆ ಬೂದಿಯಿಲ್ಲ, ಗೋಡೆಗೆ ಮಸಿಯಿಲ್ಲ. ನನ್ನ ಅಂಗಡಿಗಿಂತ ಅವರ ಒಲೆಮನೆ ಚೊಕ್ಕ ಇತ್ತು. ಉರಿ ಶುರುವಾದದ್ದು ಅಲ್ಲಿಂದ.

ನಾನು ಟಾಕಿಯ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಒಳಗೊಳಗೇ ಸಂತೋಷವಾಯಿತು. ಮುಖ ಸಣ್ಣ ಮಾಡಿಕೊಂಡು, ನೀರು ಆರಿಹೋಗಿದೆಯಲ್ಲ ಎಂದೆ. ಯೋಹಾನ್ ಕೆಳಗಿನ ನಲ್ಲಿ ತಿರುಗಿಸಿದರು. ನಾನು ಕೈ ಒಡ್ಡಿದೆ, ಚುರುಕ್ ಎಂದಿತು. ಒಳಗೆ ಇಷ್ಟು ಬಿಸಿ, ಹೊರಗೆ ಇಷ್ಟು ತಣ್ಣಗೆ. ಬೆಂಕಿ ಹಾಕಿ ಎರಡು ದಿನ ಆಗಿದೆ ಎಂದರು. ನಮ್ಮಲ್ಲಿ ಟಾಕಿ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡರೆ ಮಾತ್ರ ಗಿರಾಕಿಗೆ ನಂಬಿಕೆ. ಮುಟ್ಟಿದರೆ ತಣ್ಣಗಿರುವ ಟಾಕಿ ಮಾಡಿಕೊಟ್ಟರೆ ನನ್ನ ತಲೆಯ ಮೇಲೆ ಮಗುಚುತ್ತಾರೆ.

ಕಟ್ಟಿಗೆಯ ಗೋಡೆ

ಆ ಊರಿನಲ್ಲಿ ಪ್ರತಿ ಮನೆಯ ಪಕ್ಕ ಕಟ್ಟಿಗೆಯ ಗೋಡೆ. ಒಂದೇ ಉದ್ದಕ್ಕೆ ಸೀಳಿ, ಇಟ್ಟಂಗಿಯಂತೆ ಪೇರಿಸಿ, ಮೇಲೆ ತಗಡು ಹೊದಿಸಿ, ಮೂಲೆಯಲ್ಲಿ ಸೀಮೆಸುಣ್ಣದಿಂದ ಕಡಿದ ವರ್ಷ ಬರೆದಿರುತ್ತಾರೆ. ಎರಡು ವರ್ಷ ಒಣಗದ ಕಟ್ಟಿಗೆಯನ್ನು ಒಲೆಗೆ ಹಾಕುವುದಿಲ್ಲ. ಯೋಹಾನ್ ಎರಡು ಸೀಳು ಎತ್ತಿ ಒಂದಕ್ಕೊಂದು ಬಡಿದರು. ಠಣ್ ಎಂದಿತು. ಹಸಿ ಇದ್ದರೆ ದಪ್ ಎನ್ನುತ್ತದಂತೆ. ನಮ್ಮ ದಾಂಡೇಲಿಯ ಒಲೆಗಳೆಲ್ಲ ಹುಟ್ಟಿದಾಗಿನಿಂದ ದಪ್ ಎನ್ನುವ ಕಟ್ಟಿಗೆಯನ್ನೇ ಉಂಡಿವೆ. ಸಂಜೆ ಸೈಕಲ್ಲಿನ ಮೇಲೆ ಬಂದದ್ದು ಬೆಳಿಗ್ಗೆ ಒಲೆಗೆ. ಅರ್ಧ ಬೆಂಕಿ ಆ ಹಸಿ ಒಣಗಿಸಲು ಹೋಗುತ್ತದೆ, ಉಳಿದರ್ಧ ಹೊಗೆಯಾಗಿ ಅಮ್ಮಂದಿರ ಕಣ್ಣಿಗೆ ಹೋಗುತ್ತದೆ. ಕಾಡಿನ ಬಾಯಲ್ಲೇ ಹುಟ್ಟಿ ಬೆಳೆದವರು ನಾವು, ಒಣ ಕಟ್ಟಿಗೆ ಮಾತ್ರ ಇವರ ಮನೆಯಲ್ಲಿ.

ಅಲ್ಲಿ ಭಾನುವಾರ ಜನ ತಿರುಗಾಡಲು ಹೊರಡುತ್ತಾರೆ. ತಿರುಗಾಟ ಎಂಬುದು ನೆಪ. ಒಬ್ಬರ ಕಟ್ಟಿಗೆಯ ಗೋಡೆಯನ್ನು ಇನ್ನೊಬ್ಬರು ಓರೆಗಣ್ಣಲ್ಲಿ ಅಳೆಯುತ್ತಾರೆ. ಯಾರದು ನೆಟ್ಟಗಿದೆ, ಯಾರದು ಹೊಟ್ಟೆ ಬಂದಿದೆ. ಅಂದರೆ ಹೊಟ್ಟೆಕಿಚ್ಚು ಇವರಿಗೂ ಇದೆ ಎಂದು ನನಗೆ ಸಮಾಧಾನವಾಯಿತು. ನಾನೂ ಅವರ ಜೊತೆ ನಡೆದೆ, ಹುಳುಕು ಹುಡುಕುತ್ತ. ಕೊನೆಗೆ ಯೋಹಾನರದೇ ಗೋಡೆಯ ಬಲತುದಿ ಸ್ವಲ್ಪ ವಾಲಿದ್ದು ಕಂಡಿತು. ಆ ದಿನ ಹೊಟ್ಟೆ ತುಂಬ ಉಂಡೆ.

ಅದೇ ಸಂಜೆ ಕಟ್ಟಿಗೆಯ ಠಣ್ ಶಬ್ದವನ್ನು ಫೋನಿನಲ್ಲಿ ಹಿಡಿದುಕೊಳ್ಳೋಣ ಎಂದು ಎರಡು ಸೀಳು ಬಡಿದೆ. ಪಕ್ಕದ ಮನೆಯ ಕಿಟಕಿ ತೆರೆಯಿತು. ಒಬ್ಬ ಅಜ್ಜಿ ಬೆರಳೆತ್ತಿ ಆಡಿಸಿದರು. ಭಾನುವಾರ ಕಡಿಯುವುದು, ಬಡಿಯುವುದು, ಕೊರೆಯುವುದು ಯಾವುದೂ ಇಲ್ಲ. ನಮ್ಮಲ್ಲಿ ಭಾನುವಾರ ಮೈಕು ಹಚ್ಚದಿದ್ದರೆ ಯಾರೋ ಸತ್ತರೇನೋ ಎಂದು ಕೇಳಲು ಬರುತ್ತಾರೆ. ಆ ಮೌನದ ಮೇಲೂ ನನಗೆ ಆಸೆಯಾಯಿತು.

ರಾತ್ರಿಯೂಟದ ಹೊತ್ತಿಗೆ ಶಮೀಮಳ ಫೋನು. ಮನೆಯಲ್ಲಿ ನಾವಾಡುವುದು ನಮ್ಮ ಉರ್ದು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಹೆಂಗೈತ್ರಿ ಊರು?"

"ಊರು ಯಾವನಿಗೆ ಬೇಕು. ಇವರ ಟಾಕಿ ನೋಡು, ಎರಡು ದಿನ ಆದ್ರೂ ಆರೂದಿಲ್ಲ. ಇವರ ಕಟ್ಟಿಗಿ ನೋಡು..."

"ನೀವು ನೋಡಾಕ ಹೋಗೀರೋ, ಉರ್ಕೊಳ್ಳಾಕ ಹೋಗೀರೋ?"

"ಎರಡೂ."

"ಉರ್ಕೊಂಡು ಉರ್ಕೊಂಡು ಅರ್ಧ ಆಗಬ್ಯಾಡ್ರಿ. ಅಲ್ಲಿ ಚಳಿ ಭಾಳ ಅಂತ, ಕಿವಿ ಮುಚ್ಚಿ ಮಲಗ್ರಿ."

ಮಲಗುವ ಮೊದಲು ನೋಟುಬುಕ್ಕಿನಲ್ಲಿ ಎಲ್ಲವನ್ನೂ ಬರೆದೆ. ಭಟ್ಟಿಯ ಅಳತೆ, ಗಾಳಿಕಂಡಿ, ಪೈಪಿನ ದಾರಿ, ಹೊದಿಕೆಯ ದಪ್ಪ. ಮುಂಡಗೋಡದಲ್ಲಿ ಇದನ್ನು ಬಿಚ್ಚಿದಾಗ ಪರಶುರಾಮನ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡೆ. ಕಿವಿ ಮುಚ್ಚದೆಯೂ ಒಳ್ಳೆಯ ನಿದ್ದೆ ಬಂತು.

ಎಂಟನೆಯ ದಿನ

ಆ ಭಟ್ಟಿಯಲ್ಲಿ ನನಗೆ ಅರ್ಥವಾಗದ ಒಂದು ಸಂಗತಿ ಇತ್ತು. ಬಾಗಿಲಿಗೆ ಹಿಡಿಕೆಯೇ ಇರಲಿಲ್ಲ. ಒಂದು ಚೌಕ ತೂತು ಇತ್ತು ಅಷ್ಟೆ. ಬೆಂಕಿ ಹಾಕುವಾಗ ಯೋಹಾನ್ ಅಡುಗೆಮನೆಯ ಮೊಳೆಯಿಂದ ಹಿಡಿಕೆಯನ್ನು ತಂದು ತೂತಿಗೆ ಸಿಕ್ಕಿಸಿ ತಿರುಗಿಸುತ್ತಿದ್ದರು. ಕಟ್ಟಿಗೆ ತುಂಬಿ, ಹೊತ್ತಿಸಿ, ಬಾಗಿಲು ಹಾಕಿ, ಹಿಡಿಕೆ ಕಿತ್ತುಕೊಂಡು ಹೋಗಿ ಮತ್ತೆ ರೋಜಾ ಅವರ ಏಪ್ರನ್ನಿನ ಪಕ್ಕ ನೇತುಹಾಕುತ್ತಿದ್ದರು. ಕೈ ಸುಡದಿರಲಿ ಎಂದು ಇರಬೇಕು ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಕೇಳಿದ್ದರೆ ಹೇಳುತ್ತಿದ್ದರು. ಕೇಳಲಿಲ್ಲ, ನಾನು ಕಸುಬುದಾರನಲ್ಲವೆ.

ಅವತ್ತು ಬೆಳಿಗ್ಗೆ ಮೋಡ ಇತ್ತು. ಯೋಹಾನ್ ಒಂದು ಸಲಕ್ಕಾಗುವಷ್ಟು ಕಟ್ಟಿಗೆ ತುಂಬಿ ಬೆಂಕಿ ಹಾಕಿದರು. ಹಿಡಿಕೆಯ ನಕ್ಷೆ ಬರೆದುಕೊಳ್ಳುತ್ತೇನೆ, ಕೊಡಿ ಎಂದು ನಾನು ಕೇಳಿದೆ, ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಮೋಡ ಸರಿದು ಬಿಸಿಲು ಸುರಿಯಿತು. ಊಟವಾದ ಮೇಲೆ ಯೋಹಾನ್ ಮಲಗಿದರು. ರೋಜಾ ಪೇಟೆಗೆ ಹೋದರು. ಊರೆಲ್ಲ ಗಪ್ಪಾಗಿತ್ತು.

ನಾನು ಹಿಡಿಕೆಯನ್ನು ಜೇಬಿನಲ್ಲಿಟ್ಟುಕೊಂಡು ಕೊಟ್ಟಿಗೆಯ ಮುಂದೆ ಹಾದು ಹೋದೆ. ಭಟ್ಟಿಯ ಗಾಳಿಕಂಡಿಯಲ್ಲಿ ಬೆಂಕಿ ಇಳಿಯುತ್ತಿರುವುದು ಕಂಡಿತು.

ಈಗ ಒಂದು ಮಾತು ಹೇಳಬೇಕು. ನಮ್ಮ ಕಡೆ ಬಚ್ಚಲೊಲೆಯಲ್ಲಿ ಉದ್ದ ಕಟ್ಟಿಗೆ ಹೊರಗೆ ಚಾಚಿಕೊಂಡಿರುತ್ತದೆ. ಮುಂದೆ ಹಾದು ಹೋದವರು ಅದನ್ನು ಒಂದು ಗೇಣು ಒಳಗೆ ದೂಡಿ ಹೋಗಬೇಕು. ಮನೆಯವರಿರಲಿ, ನೆಂಟರಿರಲಿ, ಹಾಲಿನವನೇ ಇರಲಿ. ಯಾರೂ ಹೇಳಬೇಕಿಲ್ಲ, ಕೈ ತಾನೇ ಹೋಗುತ್ತದೆ. "ಒಲಿ ಮುಂದ ಹಾದು ಕಟ್ಟಿಗಿ ದೂಡಲಾರದಾವ ಮನಿ ಮಗ ಅಲ್ಲ" ಎಂದು ನಮ್ಮ ಅಮ್ಮ ಗದರುತ್ತಿದ್ದಳು. ಇವರ ಉಪ್ಪು ಉಂಡು ಎಂಟು ದಿನವಾಗಿದೆ, ಬೆಂಕಿ ಆರುತ್ತಿದೆ, ಮುದುಕ ಮಲಗಿದ್ದಾನೆ. ನಾನು ಬಾಗಿಲು ತೆರೆದು ಎರಡು ಸೀಳು ಹಾಕಿದೆ. ಸೇಬಿನ ಮರದ ಕೆಳಗೆ ಚಾದರ ಹಾಸಿ ನಮಾಜು ಮುಗಿಸಿ ಬರುವಾಗ ಇನ್ನೆರಡು. ಎಷ್ಟು ಚಂದ ಹತ್ತಿಕೊಳ್ಳುತ್ತದೆ ಎಂದು ನೋಡಲು ನಾಲ್ಕು. ಅಂಥ ಒಣ ಕಟ್ಟಿಗೆಯನ್ನು ಜೀವಮಾನದಲ್ಲಿ ಒಲೆಗೆ ಹಾಕಿದವನಲ್ಲ ನಾನು.

ಹಿತ್ತಲಲ್ಲಿ ಕೂತು ನಕ್ಷೆ ಬರೆಯುತ್ತಿದ್ದೆ. ಮೊದಲು ಬುಸ್ ಎಂಬ ಶಬ್ದ. ಆಮೇಲೆ ಕೊಟ್ಟಿಗೆಯ ಪೈಪಿನಿಂದ ಅಂಗಳಕ್ಕೆ ಹಬೆಯೂ ನೀರೂ ಚಿಮ್ಮಿತು. ಒಳಗೆ ಏನೋ ಯಂತ್ರ ಕೀಂವ್ ಕೀಂವ್ ಎಂದು ಅರಚತೊಡಗಿತು. ಭಾನುವಾರ ಕಟ್ಟಿಗೆ ಬಡಿದರೆ ಬೆರಳೆತ್ತುವ ಊರಿನಲ್ಲಿ, ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ. ಕಿಟಕಿಗಳೆಲ್ಲ ಒಂದೊಂದಾಗಿ ತೆರೆದವು.

ಯೋಹಾನ್ ಕಾಲುಚೀಲದಲ್ಲೇ ಓಡಿ ಬಂದರು. ಭಟ್ಟಿಯ ಗಾಳಿ ಮುಚ್ಚಿದರು. ನನಗೆ ಬೈಯಲಿಲ್ಲ, ಮನೆಯ ಬಿಸಿನೀರಿನ ನಲ್ಲಿಗಳನ್ನೆಲ್ಲ ತೆರೆ, ಓಡು ಎಂದರು. ನಾನು ಬಚ್ಚಲಿಗೆ ಓಡಿದೆ, ಅಡುಗೆಮನೆಗೆ ಓಡಿದೆ, ಮೇಲಿನ ಅಂತಸ್ತಿಗೆ ಓಡಿದೆ. ಕೋಣೆ ಬೆಚ್ಚಗಿಡಲು ಗೋಡೆ ಗೋಡೆಗೆ ಕೂಡಿಸಿದ್ದ ಬಿಸಿನೀರಿನ ಡಬ್ಬಿಗಳ ತಿರುಪನ್ನು ಅವರು ತೆರೆಯುತ್ತ ಬಂದರು. ಟಾಕಿಯ ಉರಿಯನ್ನೆಲ್ಲ ಮನೆ ಕುಡಿಯಬೇಕಿತ್ತು. ಅರ್ಧ ಗಂಟೆಯಲ್ಲಿ ಮನೆ ಮೇ ತಿಂಗಳ ದಾಂಡೇಲಿಯಾಯಿತು. ಎಂಟು ದಿನದಲ್ಲಿ ಮೊದಲ ಸಲ ನನಗೆ ನಮ್ಮೂರಲ್ಲಿದ್ದಂತೆ ಅನಿಸಿದ್ದು ಆಗ, ಆದರೆ ಹೇಳುವ ಹೊತ್ತಾಗಿರಲಿಲ್ಲ.

ಅರಚಾಟ ನಿಂತಿತು. ಬೆರಳೆತ್ತಿದ ಅಜ್ಜಿ ಬೇಲಿಯಾಚೆ ನಿಂತು ತಲೆ ಅಲ್ಲಾಡಿಸುತ್ತಿದ್ದರು. ಯೋಹಾನ್ ಒದ್ದೆ ಕಾಲುಚೀಲ ಹಿಂಡಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತರು. ನನ್ನ ಕಡೆ ನೋಡಿ, ನಿಧಾನಕ್ಕೆ, "ಬೆಂಕಿ ಹೆಚ್ಚಾಯಿತು" ಎಂದರು. ಕೋಗಿಲಬನದಲ್ಲಿ ಟವೆಲ್ ಸುತ್ತಿಕೊಂಡು ಹೇಳಿದ ಅದೇ ಮಾತು, ಅದೇ ಧ್ವನಿ.

ಅಷ್ಟರಲ್ಲಿ ರೋಜಾ ಪೇಟೆಯಿಂದ ಬಂದರು. ನಡೆದದ್ದನ್ನು ಕೇಳಿ ಗಂಡನ ಮೇಲೆ ಸಿಟ್ಟಾದರು, ನನ್ನ ಮೇಲಲ್ಲ. ಹಿಡಿಕೆಯನ್ನು ಇವನ ಕೈಗೆ ಯಾಕೆ ಕೊಟ್ಟೆ ಎಂದು. ಆಮೇಲೆ ನನ್ನನ್ನು ಕೂರಿಸಿ, ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದರು. ಭಟ್ಟಿ ಹೊಸದಾಗಿದ್ದಾಗ ಮನೆಯವರೆಲ್ಲ ಹೋಗುತ್ತ ಬರುತ್ತ ಒಂದೊಂದು ಕಟ್ಟಿಗೆ ಹಾಕುತ್ತಿದ್ದರಂತೆ. ಮಾವ ಒಂದು, ಗಂಡ ಒಂದು, ಮಕ್ಕಳೆರಡು. ಮೇಲೆ ಬಿಸಿಲು ತನ್ನಷ್ಟಕ್ಕೆ ತಾನು ಕಾಯಿಸುತ್ತಿದೆ ಎಂಬ ನೆನಪು ಯಾರಿಗೂ ಇಲ್ಲ. ಮೂರು ಸಲ ನೀರು ಕುದಿದು ಹೊರಚೆಲ್ಲಿತು. ಆಗ ರೋಜಾ ಹಿಡಿಕೆ ಕಿತ್ತು ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಮೋಡ ನೋಡಿ ಅವರು ಕೊಟ್ಟರೆ ಬೆಂಕಿ, ಇಲ್ಲದಿದ್ದರೆ ಇಲ್ಲ.

"ಎಲ್ಲರಿಗೂ ಬೆಂಕಿ ಇಷ್ಟ," ಎಂದರು ರೋಜಾ. "ಒಬ್ಬರ ಕೈಯಲ್ಲಿ ಇರಬೇಕು."

ನನ್ನ ನೋಟುಬುಕ್ಕಿನಲ್ಲಿದ್ದ ಗಾಳಿಕಂಡಿ, ಪೈಪಿನ ದಾರಿ, ಹೊದಿಕೆಯ ದಪ್ಪ ಎಲ್ಲ ಒಂದು ಕಡೆ, ರೋಜಾ ಅವರ ಮಾತು ಒಂದು ಕಡೆಯಾಯಿತು. ಈ ಒಂದು ಮಾತನ್ನು ಪರಶುರಾಮ ಭಟ್ಟಿ ಕೂಡಿಸುವ ದಿನವೇ ಹೇಳಿದ್ದ, ಕೋಗಿಲಬನದ ಮಾಳಿಗೆಯ ಮೇಲೆ ಕೂತು ಗಿರಮಿಟ್ಟು ತಿನ್ನುತ್ತ. ಹುಬ್ಬಳ್ಳಿ ದಾಟದವನು ಅವನು. ಯಾವ ರೋಜಾ ಕೂಡ ಅವನಿಗೆ ಹೇಳಿಕೊಟ್ಟಿರಲಿಲ್ಲ. ಅದಕ್ಕೆ ನಾನು ಅವನ ತಾಯಿಯ ಹೆಸರೆತ್ತಿ ನಾಲ್ಕು ಜನರನ್ನು ನಗಿಸಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಆ ಮದ್ದನ್ನೇ ಕುಡಿಯಲು ನಾನು ಸಮುದ್ರ ದಾಟಿ ಬಂದಿದ್ದೆ.

ಅಲ್ಲೇ ಕೂತು ಕೋಗಿಲಬನದ ಆ ಬೆಳಗನ್ನು ನೆನೆಸಿಕೊಂಡೆ. ಸುನಂದಾಬಾಯಿ ಕಟ್ಟಿಗೆ ದೂಡಿರುತ್ತಾರೆ. ಅಡುಗೆಯವರು ದೂಡಿರುತ್ತಾರೆ. ಚಳಿ ಕಾಯಿಸಿಕೊಳ್ಳುವ ಜೀಪಿನ ಡ್ರೈವರುಗಳು ದೂಡಿರುತ್ತಾರೆ. ಇನ್ನೂ ಒಬ್ಬ ಇದ್ದ. ನಾನು. ಅವತ್ತು ಬೆಳಿಗ್ಗೆ ಟಾಕಿ ನೋಡಿಹೋಗಲು ಎಲ್ಲರಿಗಿಂತ ಮೊದಲು ಬಂದವನು, ಭಟ್ಟಿಯ ಮುಂದೆ ಬೈಕು ನಿಲ್ಲಿಸಿ, ಬಾಗಿಲು ತೆರೆದು, ಎರಡು ಕಟ್ಟಿಗೆ ಹಾಕಿದ್ದೆ. ಎರಡು ವರ್ಷ ಅದು ನನಗೆ ನೆನಪೇ ಆಗಿರಲಿಲ್ಲ. ಕೈ ತಾನೇ ಮಾಡಿದ ಕೆಲಸ ಯಾರಿಗೆ ನೆನಪಿರುತ್ತದೆ.

ಹೊರಡುವ ದಿನ ಯೋಹಾನ್ ಹಳೆಯ ಭಟ್ಟಿಯ ತುಕ್ಕು ಹಿಡಿದ ಹಿಡಿಕೆಯೊಂದನ್ನು ಹುಡುಕಿ ತೆಗೆದು ಎಣ್ಣೆ ಸವರಿ ಕೊಟ್ಟರು. ವಾಲಿದ ಕಟ್ಟಿಗೆ ಗೋಡೆಯನ್ನು ನಾನು ಆಗಲೇ ನೆಟ್ಟಗೆ ಮಾಡಿಕೊಟ್ಟಿದ್ದೆ. ಅದೊಂದೇ ಅವರಿಗೆ ನಾನು ಕೊಟ್ಟದ್ದು.

ಹಳಿಯಾಳ

ಊರಿಗೆ ಬಂದು ಎರಡು ದಿನ ಮನೆಯಲ್ಲೇ ಕೂತೆ. ಮೂರನೆಯ ದಿನ ಶಮೀಮ್, "ಇಷ್ಟು ದೂರ ಹೋಗಿ ಬಂದ್ರಿ, ಹಳಿಯಾಳಕ್ಕ ಹೋಗಾಕ ಕಾಲು ನೋಯ್ತಾವೇನು?" ಎಂದಳು. ಹಿಡಿಕೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಪರಶುರಾಮನ ಅಂಗಡಿಗೆ ಹೊಸ ಬೋರ್ಡು, ಒಳಗೆ ಇಬ್ಬರು ಕೆಲಸಗಾರರು, ಗೋಡೆಗೆ ಪಾನಾಗಳನ್ನು ಸಾಲಾಗಿ ನೇತುಹಾಕಿದ್ದ. ಉರಿ ಮತ್ತೆ ಹತ್ತಿತು, ನುಂಗಿಕೊಂಡೆ. ಅವನು ನನ್ನನ್ನು ನೋಡಿ ಎದ್ದೇಳಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಟವೆಲ್ ಬಿಚ್ಚಿ ಹಿಡಿಕೆಯನ್ನು ಅವನ ಮುಂದಿಟ್ಟೆ. ನಡೆದದ್ದನ್ನೆಲ್ಲ ಹೇಳಿದೆ. ಅವನು ಹಿಡಿಕೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೇಳಿಸಿಕೊಂಡ.

"ಅಲ್ಲಿ ಎಷ್ಟ ಕಟ್ಟಿಗಿ ಹಾಕಿದ್ದಿ?"

"ಎಂಟು."

"ಕೋಗಿಲಬನದಾಗ?"

"ಎರಡು," ಎಂದೆ.

ಅವನು ಹಿಡಿಕೆಯನ್ನು ಮೇಜಿನ ಮೇಲಿಟ್ಟ. ಕೆಲಸಗಾರರೂ ಕೈ ನಿಲ್ಲಿಸಿದ್ದರು.

"ನನ್ನ ಜಾಯಿಂಟ ಹೆಂಗಿತ್ತು?"

"ಚಲೋ ಇತ್ತಪಾ. ತಪ್ಪು ನಂದು. ನಿಮ್ಮವ್ವನ್ನ ಎಳದು ಮಾತಾಡಿದ್ದೂ ತಪ್ಪು."

"ಇಲ್ಲಿ ಹೇಳಿದ್ರ ಏನು ಬಂತು," ಎಂದ ಪರಶುರಾಮ. "ಎಲ್ಲಿ ಬೈದಿ ಅಲ್ಲಿ ಹೇಳು. ನಡಿ, ಕೋಗಿಲಬನಕ್ಕ ಹೋಗೂಣು."

ಹೋದೆವು. ಸುನಂದಾಬಾಯಿ, ಅಡುಗೆಯವರು, ಅದೇ ಡ್ರೈವರುಗಳ ಮುಂದೆ ನಿಂತು ಹೇಳಿದೆ. ಸುನಂದಾಬಾಯಿ ತಲೆ ತಗ್ಗಿಸಿ, "ಅವತ್ತ ನಾನೂ ಮೂರು ಹಾಕಿದ್ದೆರೀ" ಎಂದರು. ಒಬ್ಬ ಡ್ರೈವರು, ಇನ್ನೊಬ್ಬ ಡ್ರೈವರು, ಅಡುಗೆಯವರು, ಎಲ್ಲರೂ ಬೆರಳು ಮಡಚಿ ಲೆಕ್ಕ ಒಪ್ಪಿಸಿದರು. ಪರಶುರಾಮ ಕೇಳುತ್ತ ಕೇಳುತ್ತ ಒಮ್ಮೆಲೇ ನಕ್ಕುಬಿಟ್ಟ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ತಾನೇ ಹಿಡಿದುಕೊಂಡ, ಮೊದಲಿನಿಂದಲೂ ಹಾಗೆಯೇ.

ಮುಂಡಗೋಡ

ನವೆಂಬರಿನಲ್ಲಿ ವಾರ್ಡನ್ ಬಾಯಿಯ ಮುಂದೆ ಇಬ್ಬರೂ ಒಂದೇ ನಕ್ಷೆ ಹಿಡಿದು ನಿಂತೆವು. ಟಾಕಿಗೆ ಕೌದಿಯಂಥ ಹೊದಿಕೆ, ಹಿತ್ತಲಿನಲ್ಲಿ ಭಟ್ಟಿ, ಕಟ್ಟಿಗೆ ಒಣಗಿಸಲು ತಗಡಿನ ಮಾಡು. ಮುಟ್ಟಿದರೆ ತಣ್ಣಗಿರುತ್ತದೆ, ಹೆದರಬೇಡಿ ಎಂದು ಟಾಕಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದೆವು. ಭಟ್ಟಿಯ ಬಾಗಿಲಿಗೆ ಚೌಕ ತೂತನ್ನು ನಾನೇ ಕೊರೆದೆ. ಯೋಹಾನ್ ಕೊಟ್ಟ ಹಿಡಿಕೆ ಅದಕ್ಕೆ ಸರಿಯಾಗಿ ಕೂತಿತು. ಅದನ್ನು ವಾರ್ಡನ್ ಬಾಯಿ ತಮ್ಮ ಕೀಲಿಗೊಂಚಲಿನ ಪಕ್ಕದ ಮೊಳೆಗೆ ಹಾಕಿಕೊಂಡರು. ಒಣಗಿದ ಕಟ್ಟಿಗೆ ಠಣ್ ಎನ್ನುತ್ತದೆ ಎಂದು ತೋರಿಸಿಕೊಟ್ಟ ಮೇಲೆ ಹಾಸ್ಟೆಲಿನ ಹುಡುಗಿಯರು ದಿನವೂ ಬಡಿದು ನೋಡುತ್ತಾರಂತೆ.

ಏನಾದರೂ ಕೇಳಬೇಕಿದ್ದರೆ ಬಾಯಿಯವರು ಫೋನು ಮಾಡುವುದು ಮೊದಲು ಪರಶುರಾಮನಿಗೆ. ಪರದೇಶಕ್ಕೆ ಹೋಗಿ ಬಂದವನು ನಾನು, ಹೆಸರು ಅವನದು. ಈಗಲೂ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಜೂನ್ ಮುಗಿಯುವ ಹೊತ್ತಿಗೆ, ಮಳೆ ಹಿಡಿದು ಹತ್ತು ದಿನವಾದ ಮೇಲೆ, ನೋಡಿಬರೋಣ ಎಂದು ಇಬ್ಬರೂ ಹೋದೆವು. ಹುಡುಗಿಯರೆಲ್ಲ ಮಿಂದು ಶಾಲೆಗೆ ಹೋಗಿದ್ದರು. ಒಳಗೆ ನೀರು ಬೇಕಾದಷ್ಟು ಬಿಸಿ ಇತ್ತು. ಪರಶುರಾಮ ಏಣಿ ಹತ್ತಿ ತನ್ನ ಜಾಯಿಂಟುಗಳನ್ನು ನೋಡುತ್ತಿದ್ದ. ನಾನು ಕೊಡೆ ಮಡಚಿ ಹಿತ್ತಲಿಗೆ ಹೋದೆ. ಭಟ್ಟಿಯ ಗಾಳಿಕಂಡಿಯಲ್ಲಿ ಬೆಂಕಿ ಇಳಿಯುತ್ತಿತ್ತು. ಮಾಡಿನ ಕೆಳಗಿಂದ ಒಂದು ಸೀಳು ಎತ್ತಿಕೊಂಡು, ಬಗ್ಗಿ, ಬಾಗಿಲಿಗೆ ಕೈ ಹಾಕಿದೆ. ಬೆರಳಿಗೆ ನಾನೇ ಕೊರೆದ ಚೌಕ ತೂತು ಸಿಕ್ಕಿತು.

ಹಾಗೇ ಬಗ್ಗಿಕೊಂಡು ನಿಂತೆ. ಹಿಂದೆ ಏಣಿಯ ಮೇಲಿಂದ ಪರಶುರಾಮನ ಧ್ವನಿ ಬಂತು.

"ಕೆಳಗಿಡು, ದಸ್ತಗೀರ."

ಇಟ್ಟೆ.